ಮುಟ್ಟಿ ನೋಡು

ನಮ್ಮ ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಅಂದರೆ ಹೆದರಿಕೆ. ಇವತ್ತು ನಾಳೆ ಅಂತ ನಾಲ್ಕು ವರ್ಷ ತಳ್ಳಿದಳು. ಆ ನಾಲ್ಕು ವರ್ಷದಲ್ಲಿ ಅವಳ ಕೈ ಎಷ್ಟೊಂದು ಕಲಿತುಬಿಟ್ಟಿತು! ಸಾಸಿವೆ ಯಾವುದು, ರಾಗಿ ಯಾವುದು ಅಂತ ಬೆರಳಲ್ಲೇ ಹೇಳುತ್ತಿದ್ದಳು. ಅಕ್ಕಿಯೊಳಗಿನ ಕಲ್ಲು ಅವಳ ಕೈಗೆ ತಾನಾಗಿ ಸಿಗುತ್ತಿತ್ತು. ಚಿಲ್ಲರೆಯ ಅಂಚು ಸವರಿ ಲೆಕ್ಕ ಹಾಕುತ್ತಿದ್ದಳು. "ನನ್ನ ಕೈಗೇ ಕಣ್ಣು ಬಂದಿದೆ ಬಿಡು ಮಗಾ" ಅನ್ನುತ್ತಿದ್ದಳು.

ಕೊನೆಗೂ ಆಪರೇಶನ್ ಆಯಿತು. ಕಣ್ಣು ಚೆನ್ನಾಗಿ ಕಾಣತೊಡಗಿತು. ಆದರೂ ಮಲ್ಲಿಗೆ ಕಟ್ಟಲು ಕೂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಯಾಕಜ್ಜಿ ಅಂದರೆ, "ನೋಡ್ತಾ ಕಟ್ಟಿದ್ರೆ ತಪ್ಪುತ್ತೆ ಕಣೋ" ಅಂದಳು. ಆಗ ನಾನು ನಕ್ಕಿದ್ದೆ. ಆ ಮಾತು ಎಷ್ಟು ದೊಡ್ಡದು ಅಂತ ತಿಳಿದದ್ದು ಬಹಳ ವರ್ಷಗಳ ಮೇಲೆ, 17ನೇ ಶತಮಾನದ ಒಂದು ಪ್ರಶ್ನೆಯನ್ನು ಓದಿದಾಗ.

ಪ್ರಶ್ನೆ ಕೇಳಿದವನು ವಿಲಿಯಂ ಮೊಲಿನ್ಯೂ. ಐರ್ಲೆಂಡಿನ ಡಬ್ಲಿನ್‌ನವನು. 1656ರಲ್ಲಿ ಹುಟ್ಟಿದವನು. ಗಾಜು, ಮಸೂರ, ದೂರದರ್ಶಕ ಅಂದರೆ ಅವನಿಗೆ ಪ್ರಾಣ. 1683ರಲ್ಲಿ ಡಬ್ಲಿನ್ ಫಿಲಸಾಫಿಕಲ್ ಸೊಸೈಟಿ ಕಟ್ಟಿದ್ದು ಅವನೇ. 1692ರಲ್ಲಿ ಬೆಳಕು ಮತ್ತು ಮಸೂರಗಳ ಬಗ್ಗೆ ಒಂದು ಪುಸ್ತಕವನ್ನೂ ತಂದ. ಆದರೆ ಅವನ ಮನೆಯಲ್ಲಿ ಬೇರೆಯೇ ಕತೆ. 1678ರಲ್ಲಿ ಲೂಸಿ ಡಾಮ್ವಿಲ್ ಎಂಬವಳನ್ನು ಮದುವೆಯಾದ. ಮದುವೆಯಾಗಿ ಸ್ವಲ್ಪ ದಿನಕ್ಕೇ ಅವಳು ಕಾಯಿಲೆ ಬಿದ್ದು ಕಣ್ಣು ಕಳೆದುಕೊಂಡಳು. 1691ರಲ್ಲಿ ತೀರಿಕೊಳ್ಳುವವರೆಗೂ ಅವಳಿಗೆ ದೃಷ್ಟಿ ಮರಳಲಿಲ್ಲ. ಹಗಲೆಲ್ಲ ಬೆಳಕಿನ ಲೆಕ್ಕ ಮಾಡುವ ಗಂಡ, ಬೆಳಕೇ ಕಾಣದ ಹೆಂಡತಿ. ಅವನ ಪ್ರಶ್ನೆಯನ್ನು ಓದುವಾಗ ನನಗೆ ಈ ಮನೆಯನ್ನು ಮರೆಯಲು ಆಗುವುದಿಲ್ಲ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಆಗ ಮನುಷ್ಯನ ತಿಳಿವಳಿಕೆಯ ಬಗ್ಗೆ ದೊಡ್ಡ ಗ್ರಂಥವೊಂದನ್ನು ಬರೆಯುತ್ತಿದ್ದ. ರಾಜಕೀಯದ ಭಯದಿಂದ ಇಂಗ್ಲೆಂಡ್ ಬಿಟ್ಟು ಹಾಲೆಂಡಿನಲ್ಲಿದ್ದ. ಗ್ರಂಥದ ಸಾರಾಂಶ 1688ರಲ್ಲಿ ಒಂದು ಫ್ರೆಂಚ್ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ಮೊಲಿನ್ಯೂ ಅದೇ ವರ್ಷ ಜುಲೈ 7ರಂದು ಆ ಪತ್ರಿಕೆಗೆ ಒಂದು ಕಾಗದ ಬರೆದ. ಉತ್ತರ ಬರಲಿಲ್ಲ. ಮುಂದೆ ಇಬ್ಬರಿಗೂ ಪತ್ರಸ್ನೇಹ ಬೆಳೆಯಿತು. 1693ರ ಮಾರ್ಚ್‌ನಲ್ಲಿ ಅದೇ ಪ್ರಶ್ನೆಯನ್ನು ಲಾಕ್‌ಗೇ ಮತ್ತೆ ಕೇಳಿದ. ಈ ಸಲ ಲಾಕ್ ಬಿಡಲಿಲ್ಲ. 1694ರಲ್ಲಿ ತನ್ನ ಗ್ರಂಥದ ಎರಡನೇ ಮುದ್ರಣದಲ್ಲಿ ಅದನ್ನು ಸೇರಿಸಿದ, ಗೆಳೆಯನ ಹೆಸರು ಹೇಳಿಯೇ ಸೇರಿಸಿದ.

ಪ್ರಶ್ನೆ ಇಷ್ಟು. ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ಮನುಷ್ಯ ಇದ್ದಾನೆ. ಈಗ ದೊಡ್ಡವನಾಗಿದ್ದಾನೆ. ಒಂದೇ ಲೋಹದ, ಹೆಚ್ಚುಕಡಿಮೆ ಒಂದೇ ಗಾತ್ರದ ಒಂದು ಘನ, ಒಂದು ಗೋಳ ಅವನ ಕೈಗೆ ಕೊಟ್ಟಿದ್ದಾರೆ. ಯಾವುದು ಯಾವುದು ಅಂತ ಮುಟ್ಟಿ ಚೆನ್ನಾಗಿ ಹೇಳಬಲ್ಲ. ಒಂದು ದಿನ ಅವನಿಗೆ ಕಣ್ಣು ಬರುತ್ತದೆ. ಎರಡನ್ನೂ ಮೇಜಿನ ಮೇಲೆ ಇಡುತ್ತಾರೆ. ಮುಟ್ಟದೆ, ಬರೀ ನೋಡಿ, ಇದು ಘನ, ಇದು ಗೋಳ ಅಂತ ಹೇಳುತ್ತಾನಾ?

ಹೇಳಲಾರ ಅಂತ ಮೊಲಿನ್ಯೂ ತಾನೇ ಉತ್ತರ ಕೊಟ್ಟ. ಘನದ ಮೂಲೆ ಅಂಗೈಗೆ ಹೇಗೆ ಒತ್ತುತ್ತದೆ ಅಂತ ಅವನಿಗೆ ಗೊತ್ತು. ಹಾಗೆ ಒತ್ತುವ ವಸ್ತು ಕಣ್ಣಿಗೆ ಹೀಗೆ ಕಾಣುತ್ತದೆ ಅಂತ ಇನ್ನೂ ಗೊತ್ತಿಲ್ಲ. ಅದು ಅನುಭವದಿಂದ ಬರಬೇಕು. ಲಾಕ್ ಒಪ್ಪಿದ. ಆದರೆ ಒಪ್ಪುವಾಗ ಅವನು ಎರಡು ಮಾತು ಸೇರಿಸಿದ: "ಮೊದಲ ನೋಟಕ್ಕೆ" ಹೇಳಲಾರ, "ಖಚಿತವಾಗಿ" ಹೇಳಲಾರ. ಈ ಎರಡು ಮಾತನ್ನು ನೆನಪಿಡಿ. ಮುಂದಿನ ಜಗಳವೆಲ್ಲ ಇದರ ಸುತ್ತಲೇ ಇದೆ ಅಂತ ನನಗನ್ನಿಸುತ್ತದೆ.

ಒಂದು ಚೆಂಡು ಮತ್ತು ಒಂದು ದಾಳದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ಅದಕ್ಕೆ ಆ ಕಾಲದ ದೊಡ್ಡ ಚರ್ಚೆಯನ್ನು ಸ್ವಲ್ಪ ನೋಡಬೇಕು.

ಮೊದಲು "ಐಡಿಯಾ" ಎಂಬ ಮಾತು. ನಾವು ಐಡಿಯಾ ಅಂದರೆ ಉಪಾಯ. "ಒಂದು ಐಡಿಯಾ ಬಂತು" ಅನ್ನುತ್ತೇವೆ. ಲಾಕ್‌ನ ಐಡಿಯಾ ಬೇರೆ. ಯೋಚಿಸುವಾಗ ಮನಸ್ಸಿನ ಮುಂದೆ ಏನು ನಿಲ್ಲುತ್ತದೋ ಅದೆಲ್ಲ ಐಡಿಯಾ. ಬಿಳುಪು ಒಂದು ಐಡಿಯಾ. ಬಿಸಿ ಒಂದು ಐಡಿಯಾ. ಆನೆ, ಸೈನ್ಯ, ಎಲ್ಲವೂ ಐಡಿಯಾ. ಇವು ಎಲ್ಲಿಂದ ಬಂದವು ಅನ್ನುವುದೇ ಜಗಳ. ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಕೆಲವು ನಮ್ಮೊಂದಿಗೇ ಹುಟ್ಟಿ ಬಂದಿವೆ ಅಂದಿದ್ದ. ದೇವರ ಕಲ್ಪನೆ, ತ್ರಿಕೋನದಂಥ ಗಣಿತದ ಕಲ್ಪನೆಗಳು ಯಾರೂ ಹೊರಗಿನಿಂದ ತುಂಬಿದವಲ್ಲ ಅಂತ. ಲಾಕ್ ಇದನ್ನು ಒಪ್ಪಲಿಲ್ಲ. ಮನಸ್ಸು ಏನೂ ಬರೆಯದ ಬಿಳಿ ಹಾಳೆ. ಅದರ ಮೇಲೆ ಬರೆಯುವುದು ಅನುಭವ. ಕಣ್ಣು ಕಿವಿ ಚರ್ಮದ ಮೂಲಕ ಬಂದದ್ದು ಒಂದಷ್ಟು, ಮನಸ್ಸು ತನ್ನ ಕೆಲಸವನ್ನು ತಾನೇ ಗಮನಿಸಿ ಪಡೆದದ್ದು ಇನ್ನಷ್ಟು.

ಹಾಗಾದರೆ ಕಣ್ಣು ಬರೆದ ಅಕ್ಷರ ಮತ್ತು ಕೈ ಬರೆದ ಅಕ್ಷರ ಒಂದೇ ಲಿಪಿಯದ್ದಾ? ಮೊಲಿನ್ಯೂ ಕೇಳಿದ್ದು ಇದನ್ನೇ.

ಇಲ್ಲಿ ಲಾಕ್‌ಗೆ ಒಂದು ಇಕ್ಕಟ್ಟಿದೆ. ಆಕಾರ, ಚಲನೆ ಇಂಥವು ಕಣ್ಣಿಗೂ ಕೈಗೂ ಸಿಗುವ ಐಡಿಯಾಗಳು ಅಂತ ಅವನೇ ಅದೇ ಗ್ರಂಥದಲ್ಲಿ ಬರೆದಿದ್ದಾನೆ. ಎರಡಕ್ಕೂ ಸಿಗುವುದು ಒಂದೇ ಐಡಿಯಾ ಆದರೆ, ಕೈಯಿಂದ ಅರಿತವನು ಕಣ್ಣಿಂದಲೂ ಗುರುತಿಸಬೇಕಿತ್ತಲ್ವಾ? ಲಾಕ್ ತನ್ನ "ಇಲ್ಲ"ಕ್ಕೆ ಕಾರಣವನ್ನು ಬೇರೆ ಕಡೆ ಹುಡುಕಿದ. ಬಂಗಾರದ ಗೋಳವೊಂದನ್ನು ನೋಡಿ ಅಂದ. ಕಣ್ಣಿಗೆ ನಿಜಕ್ಕೂ ಬೀಳುವುದು ಚಪ್ಪಟೆಯಾದ ಒಂದು ವೃತ್ತ, ಅದರ ಮೇಲೆ ಬೆಳಕು ನೆರಳಿನ ಏರಿಳಿತ. ಅದನ್ನು ಉಬ್ಬಿದ ಗೋಳ ಅಂತ ಓದುವುದು ಅಭ್ಯಾಸದ ಬಲದಿಂದ. ಅಭ್ಯಾಸ ಎಷ್ಟು ಹಳೆಯದೆಂದರೆ, ಓದುತ್ತಿದ್ದೇವೆ ಅನ್ನುವುದೇ ಮರೆತಿದೆ. ಈ ವಿವರ ನನಗೆ ತುಂಬಾ ಇಷ್ಟ. ಆದರೂ ಇಕ್ಕಟ್ಟು ಪೂರ್ತಿ ಬಿಡಿಸಿಕೊಂಡಿತು ಅಂತ ಹೇಳಲಾರೆ.

ಅದನ್ನು ಬಿಡಿಸಿದವನು, ಅಥವಾ ಕತ್ತರಿಸಿದವನು, ತತ್ವಜ್ಞಾನಿ ಜಾರ್ಜ್ ಬರ್ಕ್ಲಿ. ಅವನೂ ಡಬ್ಲಿನ್‌ನಲ್ಲಿ ಓದಿದವನೇ. ಮೊಲಿನ್ಯೂನ ಮಗ ಸ್ಯಾಮ್ಯುಯಲ್ ಅವನ ಗೆಳೆಯ. 1709ರಲ್ಲಿ, 24ನೇ ವಯಸ್ಸಿಗೆ, ನೋಟದ ಬಗ್ಗೆ ಒಂದು ಪುಸ್ತಕ ಬರೆದ. ಕಣ್ಣಿನ ಆಕಾರವೇ ಬೇರೆ, ಕೈಯ ಆಕಾರವೇ ಬೇರೆ, ಎರಡಕ್ಕೂ ಸಾಮಾನ್ಯವಾದ ಐಡಿಯಾ ಒಂದೂ ಇಲ್ಲ ಅಂದ. ಮತ್ತೆ ಅವು ಹೇಗೆ ಜೋಡಿಯಾದವು? ಭಾಷೆಯ ಹಾಗೆ. "ಮರ" ಎಂಬ ಸದ್ದಿಗೂ ಅಂಗಳದ ಮರಕ್ಕೂ ಯಾವ ಹೋಲಿಕೆಯೂ ಇಲ್ಲ. ಕೇಳಿ ಕೇಳಿ ಒಂದರಿಂದ ಇನ್ನೊಂದು ನೆನಪಾಗುತ್ತದೆ. ಹಾಗೇ ಕಣ್ಣಿಗೆ ಕಾಣುವ ಬಣ್ಣ, ಮಸುಕು, ಗಾತ್ರ ಇವೆಲ್ಲ ಮುಟ್ಟುವ ಲೋಕದ ಗುರುತುಗಳು. ಒಬ್ಬರ ಮುಖ ಕೆಂಪಾದರೆ ನಾಚಿಕೆ ಕಾಣುತ್ತದಲ್ಲ, ಹಾಗೆ ಅಂತ ಅವನೇ ಉದಾಹರಣೆ ಕೊಡುತ್ತಾನೆ.

ಎರಡು ಕಣ್ಣಿನಿಂದ ಹೊರಟ ಗೆರೆಗಳ ಕೋನದಿಂದ ಮನಸ್ಸು ದೂರವನ್ನು ಲೆಕ್ಕ ಹಾಕುತ್ತದೆ, ಒಂದು ಸಹಜ ರೇಖಾಗಣಿತ ನಮ್ಮೊಳಗಿದೆ ಅಂತ ಡೆಕಾರ್ಟ್ ಹೇಳಿದ್ದ. ಬರ್ಕ್ಲಿ ಇದಕ್ಕೆ ನೇರವಾಗಿ ಕೇಳಿದ: ಯಾರು ಆ ಕೋನವನ್ನು ಕಂಡಿದ್ದಾರೆ? ನನಗೇ ಗೊತ್ತಿಲ್ಲದ ಲೆಕ್ಕವನ್ನು ನಾನು ಹೇಗೆ ಮಾಡಲಿ? ನಾವು "ಕಣ್ಣಳತೆ" ಅನ್ನುತ್ತೇವೆ. ಬರ್ಕ್ಲಿಯನ್ನು ಓದಿದ ಮೇಲೆ ಆ ಪದವೇ ಬೇರೆ ಥರ ಕೇಳಿಸುತ್ತದೆ. ನಡೆದು, ಕೈ ಚಾಚಿ ದೂರವನ್ನು ಅಳೆದದ್ದು ಕೈಕಾಲು. ಕಣ್ಣು ಆ ಅಳತೆಯನ್ನು ಓದುತ್ತದೆ, ಅಷ್ಟೇ.

ಹೊಸದಾಗಿ ಕಣ್ಣು ಬಂದವನಿಗೆ ಸೂರ್ಯ, ನಕ್ಷತ್ರ ಎಲ್ಲವೂ ತನ್ನ ಕಣ್ಣೊಳಗೇ ಇದ್ದಂತೆ ಅನ್ನಿಸುತ್ತದೆ ಅಂತಲೂ ಬರ್ಕ್ಲಿ ಹೇಳಿದ್ದ. 19 ವರ್ಷದ ಮೇಲೆ ಅಂಥ ಒಬ್ಬ ಹುಡುಗ ಸಿಕ್ಕಿದ.

ಲಂಡನ್ನಿನ ಸರ್ಜನ್ ವಿಲಿಯಂ ಚೆಸಲ್ಡನ್ 1728ರಲ್ಲಿ ಆ ವರದಿ ಪ್ರಕಟಿಸಿದ. ಹುಡುಗನಿಗೆ 13-14 ವರ್ಷ. ಎಳವೆಯಿಂದಲೇ ಪೊರೆ. ಹಗಲು ರಾತ್ರಿ ಗೊತ್ತಾಗುತ್ತಿತ್ತು, ಒಳ್ಳೆ ಬೆಳಕಿದ್ದರೆ ಕಪ್ಪು, ಬಿಳಿ, ಕಡುಗೆಂಪು ತಿಳಿಯುತ್ತಿತ್ತು. ಆಕಾರ ಮಾತ್ರ ಏನೂ ಇಲ್ಲ. ಆಗಿನ ಕಾಲದ ಪೊರೆ ಚಿಕಿತ್ಸೆ ನೆನೆದರೆ ಮೈ ಜುಮ್ಮೆನ್ನುತ್ತದೆ. ಅರಿವಳಿಕೆ ಇಲ್ಲ. ಸೂಜಿ ಚುಚ್ಚಿ ಮಸುಕಾದ ಮಸೂರವನ್ನು ಪಕ್ಕಕ್ಕೆ ತಳ್ಳುವುದು. ಮಗು ಅದನ್ನು ಸಹಿಸಿತು.

ಕಣ್ಣು ಬಂದಾಗ ಕಂಡದ್ದೆಲ್ಲ ತನ್ನ ಕಣ್ಣನ್ನು ಮುಟ್ಟುತ್ತಿದೆ ಅಂದ ಆ ಹುಡುಗ, ವಸ್ತುಗಳು ಚರ್ಮವನ್ನು ಮುಟ್ಟುವ ಹಾಗೆ. ಯಾವ ಆಕಾರವೂ ಗುರುತು ಸಿಗಲಿಲ್ಲ. ಇದು ಏನು ಅಂತ ಹೇಳಿಕೊಟ್ಟರೆ ನೆನಪಿಟ್ಟುಕೊಳ್ಳಲು ನೋಡುತ್ತಿದ್ದ, ಅಷ್ಟೊಂದು ಒಟ್ಟಿಗೆ ಬಂದದ್ದರಿಂದ ಮರೆಯುತ್ತಿದ್ದ. ನಾಯಿ ಯಾವುದು, ಬೆಕ್ಕು ಯಾವುದು ಅಂತ ಪದೇಪದೇ ಮರೆತು, ಕೇಳಲು ನಾಚಿಕೆಯಾಗಿ, ಒಂದು ದಿನ ಬೆಕ್ಕನ್ನು ಹಿಡಿದ. ಮುಟ್ಟಿದರೆ ಬೆಕ್ಕು ಅಂತ ಅವನಿಗೆ ಚೆನ್ನಾಗಿ ಗೊತ್ತು. ಹಿಡಿದುಕೊಂಡೇ ಅದನ್ನು ದಿಟ್ಟಿಸಿ ನೋಡಿದ. ಆಮೇಲೆ ಕೆಳಗೆ ಬಿಟ್ಟು, ಇನ್ನೊಂದು ಸಲ ನೀನು ಯಾರು ಅಂತ ನನಗೆ ಗೊತ್ತಾಗುತ್ತೆ ಅಂದ.

ಈ ಬೆಕ್ಕಿನ ಸಾಲುಗಳನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಲಾಕ್ ಮತ್ತು ಬರ್ಕ್ಲಿ ಪುಟಗಟ್ಟಲೆ ಹೇಳಿದ್ದನ್ನು ಒಬ್ಬ ಹುಡುಗ ಬೆಕ್ಕನ್ನು ಎತ್ತಿಕೊಂಡು ಮಾಡಿದ. ಕೈ ಗುರುವಾಯಿತು, ಕಣ್ಣು ಶಿಷ್ಯ.

ಚಿತ್ರಪಟಗಳ ವಿಷಯ ಇನ್ನೂ ಗಾಢ. ಎರಡು ತಿಂಗಳವರೆಗೆ ಅವು ಬರೀ ಬಣ್ಣದ ತೇಪೆಯಾಗಿ ಕಂಡಿದ್ದವು. ಒಂದು ದಿನ ಥಟ್ಟನೆ ಅವುಗಳಲ್ಲಿ ಉಬ್ಬು ತಗ್ಗಿನ ವಸ್ತುಗಳು ಕಂಡವು. ಮುಟ್ಟಿದರೆ ಚಪ್ಪಟೆ. ಸುಳ್ಳು ಹೇಳುತ್ತಿರುವುದು ಯಾವುದು, ಮುಟ್ಟುವುದೋ ನೋಡುವುದೋ ಅಂತ ಕೇಳಿದ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಲ್ಲಿ ಗಾದೆ ಇದೆ. ಪ್ರಮಾಣಿಸಬೇಕಾದ ಇಂದ್ರಿಯಗಳೇ ಎದುರುಬದುರು ನಿಂತಾಗ ಯಾವುದನ್ನು ನಂಬಬೇಕು? ಆ ವಯಸ್ಸಿನ ಮಗುವಿನ ಬಾಯಲ್ಲಿ ಆ ಪ್ರಶ್ನೆ ಬಂದದ್ದಕ್ಕೆ ನನಗೆ ಈಗಲೂ ಬೆರಗು.

ಚೆಸಲ್ಡನ್‌ನ ವರದಿ ಯುರೋಪಿನಲ್ಲೆಲ್ಲ ಹರಡಿತು. ವೋಲ್ಟೇರ್ ಅದನ್ನು ಫ್ರೆಂಚ್ ಓದುಗರಿಗೆ ತಲುಪಿಸಿದ. ಬರ್ಕ್ಲಿ ಗೆದ್ದ ಅಂತ ಬಹಳ ಜನ ನಂಬಿದರು. ಆದರೆ ಆ ಹುಡುಗನ ಮುಂದೆ ಯಾರೂ ಒಂದು ಘನ, ಒಂದು ಗೋಳ ಇಟ್ಟು ಕೇಳಿರಲಿಲ್ಲ. ಇನ್ನೂ ಒಂದು ಮಾತು: ಆಗಷ್ಟೇ ಸೂಜಿ ಚುಚ್ಚಿಸಿಕೊಂಡ, ನೋಯುವ, ನೀರು ಸೋರುವ ಕಣ್ಣು ಅದು. ಆ ಕಣ್ಣು ತಡವರಿಸಿತು ಅಂದರೆ ಮನಸ್ಸಿನ ಬಗ್ಗೆ ಎಷ್ಟು ಹೇಳಬಹುದು?

ಈ ಕಷ್ಟವನ್ನು ಮೊದಲೇ ಊಹಿಸಿದ್ದವನು ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್. ಲಾಕ್‌ನ ಗ್ರಂಥಕ್ಕೆ ಸಾಲು ಸಾಲಿಗೂ ಎದುರುತ್ತರವಾಗಿ, ಇಬ್ಬರು ಗೆಳೆಯರ ಮಾತುಕತೆಯ ರೂಪದಲ್ಲಿ ಒಂದು ದೊಡ್ಡ ಪುಸ್ತಕ ಬರೆದ. ಅದು ಮುಗಿಯುವ ಹೊತ್ತಿಗೆ, 1704ರ ಅಕ್ಟೋಬರ್‌ನಲ್ಲಿ, ಲಾಕ್ ತೀರಿಕೊಂಡ. ಉತ್ತರ ಕೊಡಲು ಇಲ್ಲದವನ ಮೇಲೆ ವಾದ ಮಾಡುವುದು ಸರಿಯಲ್ಲ ಅಂತ ಲೈಬ್ನಿಟ್ಸ್ ಅದನ್ನು ಎತ್ತಿಟ್ಟ. ಬೆಳಕು ಕಂಡದ್ದು 1765ರಲ್ಲಿ, ಅವನೂ ಸತ್ತು ಸುಮಾರು ಅರ್ಧ ಶತಮಾನವಾದ ಮೇಲೆ.

ಅವನ ಉತ್ತರ "ಹೌದು". ಆದರೆ ಎರಡು ಷರತ್ತು. ಮುಂದೆ ಇರುವ ಎರಡರಲ್ಲಿ ಒಂದು ಘನ, ಒಂದು ಗೋಳ ಅಂತ ಅವನಿಗೆ ಮೊದಲೇ ಹೇಳಿರಬೇಕು. ಕಣ್ಣು ಕೋರೈಸಿ ಗಾಬರಿಯಾದ ಆ ಕ್ಷಣದಲ್ಲೇ ಕೇಳಬಾರದು, ಯೋಚಿಸಲು ಬಿಡಬೇಕು. ಹಾಗೆ ಬಿಟ್ಟರೆ ಅವನು ಲೆಕ್ಕ ಹಾಕುತ್ತಾನೆ: ಗೋಳಕ್ಕೆ ಎಲ್ಲೂ ಮೂಲೆ ಇಲ್ಲ, ಎಲ್ಲ ಕಡೆ ಒಂದೇ ಥರ. ಘನಕ್ಕೆ ಎಂಟು ಮೂಲೆ ಎದ್ದು ನಿಂತಿವೆ. ಕಣ್ಣಿನ ಚಿತ್ರ ಮತ್ತು ಕೈಯ ಅನುಭವ ಒಂದನ್ನೊಂದು ಹೋಲದಿರಬಹುದು. ಆದರೆ ಎರಡರ ರಚನೆ ಒಂದೇ. ಕಣ್ಣು ಕಾಣದವನು ಮುಟ್ಟಿ ರೇಖಾಗಣಿತ ಕಲಿಯಬಲ್ಲ. ಕೈಕಾಲು ಆಡದವನು ನೋಡಿಯೇ ಕಲಿಯಬಲ್ಲ. ಇಬ್ಬರ ಗಣಿತವೂ ಕೊನೆಗೆ ಒಂದೇ ಆಗಲೇಬೇಕಲ್ಲ ಅಂದ ಲೈಬ್ನಿಟ್ಸ್.

ಲಾಕ್‌ನ "ಮೊದಲ ನೋಟಕ್ಕೆ" ಎಂಬ ಮಾತನ್ನು ಈಗ ನೆನೆಸಿಕೊಳ್ಳಿ. ಲಾಕ್ ಆ ಮನುಷ್ಯನಿಗೆ ಒಂದು ಕ್ಷಣ ಕೊಟ್ಟ. ಲೈಬ್ನಿಟ್ಸ್ ಸಮಯ ಕೊಟ್ಟ, ಒಂದು ಸುಳಿವನ್ನೂ ಕೊಟ್ಟ. ಒಬ್ಬ ಇಲ್ಲ ಅಂದ, ಇನ್ನೊಬ್ಬ ಹೌದು ಅಂದ. ಅವರು ಎಷ್ಟೋ ಕಡೆ ನಿಜಕ್ಕೂ ಎದುರಾಳಿಗಳು. ಈ ಒಂದು ಕಡೆ ಮಾತ್ರ ಇಬ್ಬರೂ ಸರಿ ಇದ್ದರು ಅಂತ ನನ್ನ ನಂಬಿಕೆ.

ಅದಕ್ಕೆ ಬಲ ಸಿಕ್ಕಿದ್ದು ನಮ್ಮ ದೇಶದಲ್ಲೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಶುರು ಮಾಡಿದ ಪ್ರಾಜೆಕ್ಟ್ ಪ್ರಕಾಶ್ ಉತ್ತರ ಭಾರತದ ಹಳ್ಳಿಗಳಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳನ್ನು ಹುಡುಕಿ, ದಿಲ್ಲಿಯಲ್ಲಿ ಆಪರೇಶನ್ ಮಾಡಿಸುತ್ತದೆ. ಮೊದಲು ಚಿಕಿತ್ಸೆ, ಆಮೇಲೆ ಅಧ್ಯಯನ. 2011ರಲ್ಲಿ ಅವರ ಒಂದು ವರದಿ ಬಂತು. 8ರಿಂದ 17 ವರ್ಷದ 5 ಮಕ್ಕಳು. ಆಪರೇಶನ್ ಆಗಿ ಎರಡು ದಿನದೊಳಗೆ ಪರೀಕ್ಷೆ. ಆಟಿಕೆಯ ಬ್ಲಾಕ್‌ನಂಥ ಆಕಾರಗಳು. ಮುಟ್ಟಿದ್ದನ್ನು ಮತ್ತೆ ಮುಟ್ಟಿ ಗುರುತಿಸುವುದು ಸಲೀಸಾಗಿತ್ತು. ನೋಡಿದ್ದನ್ನು ಮತ್ತೆ ನೋಡಿ ಗುರುತಿಸುವುದೂ ಬಂತು, ಅಂದರೆ ಕಣ್ಣು ಕೆಲಸ ಮಾಡುತ್ತಿತ್ತು. ಮುಟ್ಟಿದ್ದನ್ನು ನೋಡಿ ಗುರುತಿಸಿ ಅಂದಾಗ ಮಾತ್ರ ಸುಮ್ನೆ ಊಹೆ ಮಾಡಿದರೆ ಎಷ್ಟು ಸರಿಯಾಗುತ್ತದೋ ಹೆಚ್ಚುಕಡಿಮೆ ಅಷ್ಟೇ. ಮೊದಲ ನೋಟಕ್ಕೆ ಇಲ್ಲ. ಲಾಕ್ ಹೇಳಿದ ಹಾಗೇ.

ಆದರೆ ಅದೇ ಮಕ್ಕಳಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ ಬಹಳ ಸುಧಾರಿಸಿದ್ದರು. ಒಬ್ಬರಿಗೆ ಒಂದು ವಾರವೂ ಬೇಕಾಗಲಿಲ್ಲ. ಯಾರೂ ಪಾಠ ಹೇಳಿರಲಿಲ್ಲ. ಮನೆಯಲ್ಲಿ ತಟ್ಟೆ ಲೋಟ ಎತ್ತಿ, ಇಟ್ಟು, ನೋಡಿ ಕಲಿತದ್ದು. ಜೀವಮಾನವಿಡೀ ಬೇರೆ ಬೇರೆಯಾಗಿದ್ದ ಎರಡು ಲಿಪಿಗಳು ಕೆಲವೇ ದಿನದಲ್ಲಿ ಹೊಂದಿಕೊಂಡವು. ಬರೀ ಬಿಳಿ ಹಾಳೆ ಇಷ್ಟು ಬೇಗ ಕಲಿಯುತ್ತದಾ? ಹೊಂದಿಸಿಕೊಳ್ಳುವ ಸಿದ್ಧತೆ ಏನೋ ಒಳಗೆ ಇರಲೇಬೇಕು. ಅಮೃತಶಿಲೆಯ ಒಳಗೆ ಮೊದಲೇ ಎಳೆಗಳಿರುತ್ತವೆ, ಮನಸ್ಸೂ ಹಾಗೇ ಅಂತ ಲೈಬ್ನಿಟ್ಸ್ ಬರೆದ ಮಾತು ನನಗೆ ಇಲ್ಲಿ ನೆನಪಾಗುತ್ತದೆ.

ಅಜ್ಜಿಯ ಕತೆ ಮೊಲಿನ್ಯೂನ ಪ್ರಶ್ನೆಗೆ ಸೇರುವುದಿಲ್ಲ, ಗೊತ್ತು. ಅವಳು 60 ವರ್ಷ ಲೋಕ ಕಂಡವಳು. ಆದರೂ ಅವಳನ್ನು ನೆನೆಯುವುದಕ್ಕೆ ಕಾರಣವಿದೆ. ಈ ಇಡೀ ಚರ್ಚೆಯಲ್ಲಿ ಕೈ ಯಾವಾಗಲೂ ಕಣ್ಣಿಗಾಗಿ ಕಾಯುತ್ತಾ ಕೂತಂತೆ ಮಾತಾಡುತ್ತಾರೆ. ಕಣ್ಣು ಕಾಣದವರು ಅಲ್ಲಿ ಒಂದು ಉದಾಹರಣೆ. ಅವರ ಕಣ್ಣು ತೆರೆಯುವ ಕ್ಷಣವೊಂದೇ ಮುಖ್ಯ. ಅದಕ್ಕಿಂತ ಮೊದಲಿನ ಅವರ ಬದುಕನ್ನು ಯಾರೂ ಕೇಳುವುದಿಲ್ಲ. ನಮ್ಮ ಮಾತು ಈ ವಿಷಯದಲ್ಲಿ ಹೆಚ್ಚು ಉದಾರ ಅನ್ನಿಸುತ್ತದೆ. ಕನ್ನಡದಲ್ಲಿ ಮುಟ್ಟಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ರುಚಿ ನೋಡುತ್ತೇವೆ, ಕೇಳಿಯೂ ನೋಡುತ್ತೇವೆ. ನೋಡುವುದು ಕಣ್ಣಿನ ಸ್ವತ್ತಲ್ಲ.

ಆ ಬದುಕನ್ನು ಕೇಳಿದವನು ಒಬ್ಬನಿದ್ದ. ಫ್ರೆಂಚ್ ಲೇಖಕ ದೆನಿ ದಿದರೋ. ಪ್ಯಾರಿಸ್‌ನಲ್ಲಿ ವಿಜ್ಞಾನಿ ರೆಯೊಮೂರ್ ಒಂದು ಹುಡುಗಿಯ ಪೊರೆ ತೆಗೆಸಿದಾಗ ಪಟ್ಟಿ ಬಿಚ್ಚುವುದನ್ನು ನೋಡಲು ದಿದರೋಗೆ ಅವಕಾಶ ಸಿಗಲಿಲ್ಲ. ಅವನು ಬೇರೆ ದಾರಿ ಹಿಡಿದ. ಪ್ವಿಜೋ ಎಂಬ ಊರಿನಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಒಬ್ಬರಿದ್ದರು. ಅವರ ಮನೆಗೇ ಹೋಗಿ ಮಾತಾಡಿಸಿದ. ಕಣ್ಣು ಬೇಕು ಅನ್ನಿಸುವುದಿಲ್ಲವೇ ಅಂತ ಕೇಳಿದಾಗ ಅವರು ಕೊಟ್ಟ ಉತ್ತರ ಇದು: ಕುತೂಹಲ ಒಂದು ಇಲ್ಲದಿದ್ದರೆ, ನನಗೆ ಉದ್ದದ ಕೈಗಳಿದ್ದರೇ ಸಾಕು. ಚಂದ್ರನಲ್ಲಿ ಏನಾಗುತ್ತಿದೆ ಅಂತ ನಿಮ್ಮ ಕಣ್ಣು, ದೂರದರ್ಶಕಗಳಿಗಿಂತ ನನ್ನ ಕೈ ಚೆನ್ನಾಗಿ ಹೇಳುತ್ತದೆ.

ಇದೆಲ್ಲವನ್ನೂ, ಕೇಂಬ್ರಿಜ್‌ನಲ್ಲಿ ನ್ಯೂಟನ್ ಕೂತಿದ್ದ ಗಣಿತ ಪೀಠದಲ್ಲೇ ಕೂತು ಬೆಳಕಿನ ಶಾಸ್ತ್ರ ಕಲಿಸಿದ, ಕಣ್ಣು ಕಾಣದ ಸಾಂಡರ್ಸನ್‌ನ ವಿಷಯವನ್ನೂ ಸೇರಿಸಿ ದಿದರೋ 1749ರಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ಸಾಯುತ್ತಿರುವ ಸಾಂಡರ್ಸನ್ ದೇವರನ್ನು ನಂಬಬೇಕಾದರೆ ನಾನು ಅವನನ್ನು ಮುಟ್ಟಬೇಕು ಅನ್ನುತ್ತಾನೆ. ಅಧಿಕಾರಿಗಳು ಇದನ್ನು ಸಹಿಸಲಿಲ್ಲ. ದಿದರೋ ವೆನ್ಸೆನ್ ಕೋಟೆಯಲ್ಲಿ ಮೂರು ತಿಂಗಳಿಗೂ ಜಾಸ್ತಿ ಸೆರೆಯಲ್ಲಿದ್ದ.

ಆದರೂ ಅವನು ಈ ವಿಷಯ ಬಿಡಲಿಲ್ಲ. 1782ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮುಂಚೆ, ಆ ಹಳೆಯ ಪುಸ್ತಕಕ್ಕೆ ಕೆಲವು ಪುಟ ಸೇರಿಸಿದ. ಅದರಲ್ಲಿ ಮೆಲನಿ ದ ಸಾಲಿನ್ಯಾಕ್ ಎಂಬ ಹುಡುಗಿ ಬರುತ್ತಾಳೆ. ಹುಟ್ಟಿದಾಗಿನಿಂದ ಹೆಚ್ಚುಕಡಿಮೆ ಏನೂ ಕಂಡವಳಲ್ಲ. ಸೂಜಿಯಿಂದ ಕಾಗದಕ್ಕೆ ಚುಚ್ಚಿದ ಅಕ್ಷರಗಳನ್ನು ಬೆರಳಿನಿಂದ ಓದುತ್ತಿದ್ದಳು. ಸಂಗೀತ, ರೇಖಾಗಣಿತ ಎರಡೂ ಬರುತ್ತಿತ್ತು. ದಿದರೋ ಒಂದು ದಿನ ಅವಳನ್ನು ಕೇಳಿದ: ಒಂದು ಘನವನ್ನು ಮನಸ್ಸಿಗೆ ತಂದುಕೊ.

ನೋಡುತ್ತಿದ್ದೇನೆ ಅಂದಳು.

ಅದರ ನಟ್ಟನಡುವೆ ಒಂದು ಚುಕ್ಕೆ ಇಡು. ಇಟ್ಟೆ. ಆ ಚುಕ್ಕೆಯಿಂದ ಎಲ್ಲ ಮೂಲೆಗಳಿಗೂ ನೇರ ಗೆರೆ ಎಳೆ. ಈಗ ಘನ ಏನೇನಾಗಿ ಒಡೆಯಿತು? ಒಂದೇ ಸಮನಾದ ಆರು ಪಿರಮಿಡ್‌ಗಳಾಗಿ ಅಂದಳು, ಪ್ರತಿಯೊಂದರ ತಳ ಘನದ ಒಂದು ಮುಖ, ಎತ್ತರ ಘನದ ಅರ್ಧ. ಸರಿ, ಆದರೆ ಇದನ್ನೆಲ್ಲ ನೀನು ಎಲ್ಲಿ ನೋಡುತ್ತಿದ್ದೀಯ ಅಂತ ದಿದರೋ ಕೇಳಿದ.

ನನ್ನ ತಲೆಯಲ್ಲಿ, ನಿಮ್ಮ ಹಾಗೇ ಅಂದಳು ಮೆಲನಿ.